ಕುರ್ಚಿಗೆ ಹೊರಟ ಉಸಿರಪ್ಪ

ಉಸಿರಪ್ಪನಿಗೆ ಆ ದಿನ ಒದಗಿದ ಪಾಡಿಗೆಲ್ಲ ಮೂಲ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಸೀಸದ ಅಕ್ಷರ.

ಉಸಿರಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅವನು ದಿನಕ್ಕೆ ಎಂಬತ್ತು ಸಲ ಆಡುತ್ತ ಬಂದ ಮಾತು ಒಂದೇ: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ." ಕೇಳಿದವರು ಹೆಸರಿಟ್ಟರು, ಹೆಸರು ಅಂಟಿಕೊಂಡಿತು. ಭಾವಮೈದುನನ ಮದುವೆಯಲ್ಲಿ ಮನೆಮಂದಿಯ ಫೋಟೋ ತೆಗೆಯಲು ಯಾರೋ ಇವನ ಕೈಗೆ ಕ್ಯಾಮೆರಾ ಕೊಟ್ಟಿದ್ದರು. ಇವನು ಅಭ್ಯಾಸಬಲದಿಂದ ಮೂವತ್ತೆರಡು ಜನರಿಗೂ ಉಸಿರು ಹಿಡಿಸಿದ. ಬಿಡಿ ಎನ್ನುವುದನ್ನು ಮರೆತು ಬಟನ್ ಹುಡುಕುತ್ತ ನಿಂತ. ಆ ಫೋಟೋದಲ್ಲಿ ಹೆಂಡತಿಯ ದೊಡ್ಡಪ್ಪ ಈಗಲೂ ಬದನೆಕಾಯಿಯ ಬಣ್ಣದಲ್ಲಿದ್ದಾರೆ.

ಮೊದಲು ಆ ಕೋಣೆಯಲ್ಲಿ ಮೂವರು ತಂತ್ರಜ್ಞರಿದ್ದರು. ಒಬ್ಬ ಬಿಟ್ಟುಹೋಗಿ ಬೇಕರಿ ಇಟ್ಟ. ಇನ್ನೊಬ್ಬ ಬಿಟ್ಟುಹೋಗಿ ಕಾಲೇಜಿನಲ್ಲಿ ಮೇಷ್ಟರಾಗಿ, ಈ ಕೆಲಸ ಎಷ್ಟು ಶ್ರೇಷ್ಠವೆಂದು ಮಕ್ಕಳಿಗೆ ಪಾಠ ಹೇಳತೊಡಗಿದ. ಉಳಿದವನು ಉಸಿರಪ್ಪ. ಮೂವರ ಕೆಲಸವನ್ನು ಒಬ್ಬನೇ ಎಳೆಯುತ್ತಿರುವುದನ್ನು ಕಂಡ ಆಡಳಿತದವರು ಖಾಲಿಯಾದ ಎರಡು ಜಾಗ ತುಂಬುವ ಯೋಚನೆಯನ್ನೇ ಬಿಟ್ಟರು. ಕೇಳಿದರೆ "ನೀವಿದ್ದೀರಲ್ಲ" ಎಂಬ ಉತ್ತರ. ಅವನಿದ್ದ, ನಿಜ. ಆದರೆ ನಿಂತೇ ಇದ್ದ. ಐದು ಕಿಲೋ ತೂಕದ ಸೀಸದ ಮೇಲಂಗಿ, ಇಳಿಯಲೊಲ್ಲದ ಮಗುವಿನ ಹಾಗೆ ದಿನವಿಡೀ ಹೆಗಲಿಗೆ ಜೋತು ಬಿದ್ದಿರುತ್ತಿತ್ತು. ಅದನ್ನು ಹೊತ್ತುಕೊಂಡೇ ಏಳಲಾಗದವರನ್ನು ಎತ್ತಬೇಕು, ಹೊರಳಲಾಗದವರನ್ನು ಹೊರಳಿಸಬೇಕು. ಕೋಣೆಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಯಾವಾಗಲೂ ಯಾರದೋ ಮಾವನವರು ಕೂತಿರುತ್ತಿದ್ದರು. ಮೂಳೆ ಕೂಡಿದಾಗ ಜನ ಡಾಕ್ಟರಿಗೆ ಕೈಮುಗಿಯುತ್ತಿದ್ದರು. ಮುರಿದ ಮೂಳೆಯನ್ನು ಮೊದಲು ಕಂಡ ಉಸಿರಪ್ಪನನ್ನು ಕಂಡರೆ "ಫೋಟೋದವ್ರೇ, ಟಾಯ್ಲೆಟ್ ಯಾವ ಕಡೆ?" ಎನ್ನುತ್ತಿದ್ದರು.

ಹೀಗಾಗಿ ಅವನು ಬಿಡಲು ನಿಶ್ಚಯಿಸಿದ. ವಿಮಾ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಜನ ಕಳಿಸುವ ಎಕ್ಸ್‌ರೇಗಳನ್ನು ಕಂಪ್ಯೂಟರಿನಲ್ಲಿ ನೋಡಿ, ಮುರಿದಿದೆ ಎಂದವರ ಮೂಳೆ ನಿಜವಾಗಿಯೂ ಮುರಿದಿದೆಯೇ ಎಂದು ಹೇಳಬೇಕು, ಅಷ್ಟೆ. ಸಂದರ್ಶನದಲ್ಲಿ ಅವರು ಏನು ಕೇಳಿದರೋ ಇವನು ಏನು ಹೇಳಿದನೋ ಒಂದೂ ನೆನಪಿಲ್ಲ. ನೆನಪಿರುವುದು ಕುರ್ಚಿ. ಐದು ಗಾಲಿ, ಎರಡು ತೋಳು, ಬೆನ್ನಿಗೆ ಮೆತ್ತೆ, ಪಕ್ಕದ ಹಿಡಿ ಒತ್ತಿದರೆ ನಿಟ್ಟುಸಿರು ಬಿಡುತ್ತ ಕೆಳಗಿಳಿಯುವ ಕುರ್ಚಿ. ಹದಿನಾಲ್ಕು ವರ್ಷಗಳಲ್ಲಿ ಇವನು ಹೇಳದೆಯೇ ಉಸಿರು ಬಿಟ್ಟದ್ದು ಅದೊಂದೇ.

ಮೂರು ತಿಂಗಳ ನೋಟಿಸು ಮುಗಿದು ಇವತ್ತು ಕೊನೆಯ ದಿನ. ನಾಳೆ ಬೆಳಗ್ಗೆ ಒಂಬತ್ತಕ್ಕೆ, ಬಿಡುಗಡೆ ಪತ್ರವನ್ನೂ ಅದರ ಜತೆ ಬಾಕಿ ಏನೂ ಇಲ್ಲವೆಂಬ ನೋ ಡ್ಯೂ ಫಾರಂ ಅನ್ನೂ ಹಿಡಿದು ಹೊಸ ಕಚೇರಿಗೆ ಹಾಜರಾಗಬೇಕು. ತಪ್ಪಿದರೆ ಕುರ್ಚಿ ಪಟ್ಟಿಯಲ್ಲಿರುವ ಮುಂದಿನವರ ಪಾಲು. ಆ ಫಾರಮ್ಮಿನಲ್ಲಿ ನಾಲ್ಕು ಚೌಕ, ನಾಲ್ಕು ಸಹಿ: ಉಗ್ರಾಣ, ದೊಡ್ಡ ಸಿಸ್ಟರ್, ಮೂಳೆ ಡಾಕ್ಟರು, ಕೊನೆಗೆ ಆಡಳಿತಾಧಿಕಾರಿ. ಎಲ್ಲ ಐದು ಗಂಟೆಯೊಳಗೆ.

"ಇವತ್ತು ಆ ಕಾಗದ ಇಲ್ದೆ ಬಂದ್ರೆ ನಿಂತ್ಕೊಂಡೇ ಉಣ್ಣಿ, ನಿಂತ್ಕೊಂಡೇ ಮಲಗಿ," ಎಂದಳು ಹೆಂಡತಿ, ಚಪ್ಪಲಿ ಹುಡುಕಿಕೊಡುತ್ತ.

"ತರ್ತೀನಿ ಕಣೇ. ಇವತ್ತು ದೇವರೇ ಅಡ್ಡ ಬಂದ್ರೂ ಅವನಿಗೊಂದು ಎಕ್ಸ್‌ರೇ ತೆಗ್ದು ಪಕ್ಕದಲ್ಲಿ ಕಾಯೋಕ್ಹೇಳಿ ಬರ್ತೀನಿ," ಎಂದ ಉಸಿರಪ್ಪ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ದೇವರು ಬಂದಿದ್ದರೆ ಕಾಯಲೇಬೇಕಾಗುತ್ತಿತ್ತು.

ಏಳೂವರೆಗೇ ಕೋಣೆಯ ಬೀಗ ತೆಗೆದ. ರೋಗಿಗಳು ಬರುವುದು ಎಂಟಕ್ಕೆ. ನಡುವಿನ ಅರ್ಧ ಗಂಟೆಯಲ್ಲಿ ಐದು ನಿಮಿಷ ಅವನದೊಂದು ಗುಟ್ಟಿನ ಸುಖವಿತ್ತು. ಕೋಟು ಕಳಚಿ ಎಕ್ಸ್‌ರೇ ಮಂಚದ ಮೇಲೆ ಅಂಗಾತ ಮಲಗುವುದು. ಮಂಚ ಹಲಗೆಯ ಹಾಗೆ ಗಟ್ಟಿ, ಮಂಜಿನ ಹಾಗೆ ತಣ್ಣಗೆ. ಬೆನ್ನಿಗೆ ಹಿತ. ಇವತ್ತು ಏನೋ ಸ್ವಲ್ಪ ಚುಚ್ಚಿದ ಹಾಗಾಯಿತು. ಚುಚ್ಚುವ ಬೆನ್ನಿಗೆ ಚುಚ್ಚದೆ ಇರುವುದು ಯಾವಾಗ ಎಂದುಕೊಂಡು ಎದ್ದು ಕೋಟು ತೊಟ್ಟ. ಹಿಂತಿರುಗಿಸಬೇಕಾದ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ಉಗ್ರಾಣಕ್ಕೆ ಹೊತ್ತ.

ಉಗ್ರಾಣದ ಯಜಮಾನರು ಮಾತಾಡುವಾಗ ಒಂದೊಂದು ಪದವನ್ನೂ ರಿಜಿಸ್ಟರಿನ ಒಂದೊಂದು ಕಾಲಮ್ಮಿನಲ್ಲಿ ಇಳಿಸಿ, ಒಣಗಿದ ಮೇಲೆ ಮುಂದಿನದಕ್ಕೆ ಹೋಗುವವರು.

"ಮೇಲಂಗಿ. ಒಂದು. ಬಂತು. ಕತ್ತಿನ ಪಟ್ಟಿ. ಒಂದು. ಬಂತು. ಬೀರುವಿನ ಕೀಲಿ. ಬಂತು. ಬಲಗುರುತು. ಬಂತು." ಕನ್ನಡಕ ಮೇಲೆತ್ತಿ ನೋಡಿದರು. "ಎಡಗುರುತು."

ಪೆಟ್ಟಿಗೆಯ ತಳದಲ್ಲಿ ಎಡಗುರುತು ಇರಲಿಲ್ಲ. ಮೂಳೆಯ ಚಿತ್ರ ತೆಗೆಯುವಾಗ ಇದು ಎಡಗಾಲೋ ಬಲಗಾಲೋ ಡಾಕ್ಟರಿಗೆ ತಿಳಿಯಲೆಂದು ಪಕ್ಕದಲ್ಲಿ ಟೇಪು ಹಚ್ಚಿ ಅಂಟಿಸುವ ಸೀಸದ ಅಕ್ಷರಗಳವು. ಒಬ್ಬೊಬ್ಬ ತಂತ್ರಜ್ಞನಿಗೂ ಒಂದೊಂದು ಜೋಡಿ, ಜೋಡಿಗೊಂದು ನಂಬರು. ಉಸಿರಪ್ಪನದು ನಾಲ್ಕು.

ಬೇರೆ ಒಂದು ತಂದುಕೊಡುತ್ತೇನೆಂದು ಉಸಿರಪ್ಪ ಗೋಗರೆದ. ಯಜಮಾನರು ರಿಜಿಸ್ಟರನ್ನು ಮಗುವಿನ ಹಾಗೆ ಸವರಿದರು.

"ಬೇರೇದರ ಮೇಲೆ ನಾಲ್ಕು ಅಂತ ಇರುತ್ತಾ?"

"ಇರಲ್ಲ ಸಾರ್. ನಾಲ್ಕು ಇರೋದು ಒಂದೇ."

"ಅದೇ ನಾನು ಹೇಳಿದ್ದು. ಅದು ಬರೋವರೆಗೂ ನೀವು ಇಲ್ಲೇ ಇರ್ತೀರಿ. ನಾಲ್ಕೂವರೆಗೆ ಬಾಗಿಲು ಹಾಕ್ತೀನಿ."

ಉಸಿರಪ್ಪ ಕೋಣೆಗೆ ಓಡಿ ಮಂಚದ ಮೇಲೆ, ಕೆಳಗೆ, ಯಂತ್ರದ ಸಂದುಗೊಂದುಗಳಲ್ಲಿ ಹುಡುಕಿದ. ಕಸದ ಡಬ್ಬಿ ಬೋರಲು ಹಾಕಿದ. ಅಷ್ಟರಲ್ಲಿ ಹೊರಗೆ ಎಂಟು ಗಂಟೆಯ ಸಾಲು ನಿಂತಿತ್ತು. ಸಾಲಿನ ಪ್ರತಿಯೊಬ್ಬರ ಮುಖದಲ್ಲೂ ಇವನು ನಾಳೆ ಇರುವುದಿಲ್ಲವಂತೆ ಎಂಬ ಗಾಬರಿ ಇತ್ತು. ಮುಂದಿನ ವಾರ ಬರಬೇಕಾದವರೂ ಇವತ್ತೇ ಬಂದಿದ್ದರು. ಒಬ್ಬರು ನೋವಿಲ್ಲದ ಮೊಣಕೈ ತಂದಿದ್ದರು, ಮುಂದೆ ಬೇಕಾದೀತು ಎಂದು.

ಪಕ್ಕದ ಸಿ.ಟಿ. ಕೋಣೆಯ ಹುಡುಗಿ ಓಡಿಬಂದಳು. ಗುತ್ತಿಗೆಯ ಮೇಲೆ ಎರಡು ವರ್ಷದಿಂದ ದುಡಿಯುತ್ತಿದ್ದವಳು. ಇವನಿಗೆ ಅವಳು ತಂಗಿ, ಅವಳಿಗೆ ಇವನು ಅಣ್ಣ. ಅರ್ಧ ಸಾಲನ್ನು ತಾನು ನೋಡಿಕೊಳ್ಳುವುದಾಗಿಯೂ ಅವನು ಗುರುತು ಹುಡುಕಬೇಕೆಂದೂ ಹೇಳಿದಳು. ಇಷ್ಟು ಒಳ್ಳೆಯ ತಂಗಿಯನ್ನು ಮೂವರ ಕೆಲಸದ ನಡುವೆ ಬಿಟ್ಟುಹೋಗುವುದು ಸರಿಯೇ ಎಂದು ಉಸಿರಪ್ಪ ಒಂದು ಕ್ಷಣ ಅನುಮಾನಿಸಿದ. ಮರುಕ್ಷಣ ಬೆನ್ನು ಕಿವುಚಿತು. ಅನುಮಾನ ಕಳೆಯಿತು.

ನಿನ್ನೆಯ ಕೊನೆಯ ರೋಗಿ ಯಾರು? ನಿವೃತ್ತ ಲೆಕ್ಕದ ಮೇಷ್ಟ್ರು, ಎಡ ಮೊಣಕಾಲು. ಗುರುತು ಅಂಟಿಸಿದ್ದು ನೆನಪಿದೆ, ಕಿತ್ತದ್ದು ನೆನಪಿಲ್ಲ. ಒಂದೋ ಅದು ಮಂಚದ ಹೊದಿಕೆಯ ಜತೆ ಒಗೆಯಲು ಹೋಗಿರಬೇಕು, ಇಲ್ಲವೇ ಮೇಷ್ಟರ ಮೊಣಕಾಲಿನ ಜತೆ ಮನೆಗೆ ಹೋಗಿರಬೇಕು.

ಮೊದಲು ಬಟ್ಟೆ ಒಗೆಯುವ ವಿಭಾಗ. ಅಲ್ಲಿ ನಿನ್ನೆಯದೂ ಸೇರಿ ಹಲವು ದಿನಗಳ ಮುನ್ನೂರು ಹೊದಿಕೆಗಳ ಗುಡ್ಡ ಇವನ ದಾರಿ ಕಾಯುತ್ತಿತ್ತು. ಒಗೆಯುವವನು ಬೀಡಿ ಕಚ್ಚಿಕೊಂಡು, ಬೇಕಾದಷ್ಟು ಹುಡುಕಿಕೊಳ್ಳಬಹುದೆಂದೂ ಹುಡುಕಿದ್ದನ್ನು ಮಡಿಸಿಡಬೇಕೆಂದೂ ತಿಳಿಸಿದ. ಉಸಿರಪ್ಪ ಹುಡುಕಿದ, ಮಡಿಸಿದ. ಎರಡು ಗಂಟೆಯ ಕೊನೆಗೆ ಸಿಕ್ಕಿದ್ದು ಒಂದು ಚಮಚ, ಹನ್ನೊಂದು ಗುಂಡಿ, ಯಾರದೋ ಮೇಲ್ದವಡೆಯ ಹಲ್ಲಿನ ಸೆಟ್ಟು ಮತ್ತು ಒಂದು ಕನ್ನಡಕ. ಬಾಗಿ ಎದ್ದಾಗಲೆಲ್ಲ ಬೆನ್ನು ಹಳೆಯ ಬಾಗಿಲಿನ ದನಿ ಮಾಡುತ್ತಿತ್ತು.

ಆದರೆ ಕನ್ನಡಕ ದೊಡ್ಡ ಸಿಸ್ಟರಿನದು. ಹದಿನೈದು ದಿನದಿಂದ ಕಳೆದುಹೋಗಿದ್ದದ್ದು. ದೊಡ್ಡ ಸಿಸ್ಟರ್ ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಕೊಟ್ಟುಕೊಳ್ಳುವವರಾದ್ದರಿಂದ ಅವರೆದುರು ಇನ್ನೊಬ್ಬರು ಬರಿದೇ ನಿಂತಿದ್ದರೆ ಸಾಕು.

"ಏನಪ್ಪಾ, ಬಿಟ್ಟು ಹೋಗ್ತಿದೀಯಾ? ಹೋಗ್ತಿದೀಯ. ಯಾಕೆ, ನಾವೇನು ಕಮ್ಮಿ ಮಾಡಿದ್ವಿ? ಏನೂ ಕಮ್ಮಿ ಮಾಡ್ಲಿಲ್ಲ, ಕೆಲಸ ಜಾಸ್ತಿನೇ ಕೊಟ್ವಿ. ನಿನ್ನ ಹೊದಿಕೆ ಲೆಕ್ಕ ಎಣಿಸದೆ ಸಹಿ ಹಾಕ್ಲಾ? ಹಾಕಲ್ಲ. ಇದೇನು, ನನ್ನ ಕನ್ನಡಕಾನಾ? ನನ್ನದೇ." ಕನ್ನಡಕ ಏರಿಸಿ ಹದಿನೈದು ದಿನಗಳ ನಂತರ ಲೋಕವನ್ನು ಸ್ಪಷ್ಟವಾಗಿ ನೋಡಿದರು. ಮೊದಲು ಕಂಡದ್ದು ಉಸಿರಪ್ಪನ ಮುಖ. "ಅಯ್ಯೋ ಪಾಪ, ಹಿಂಗಾಗಿದೀಯಾ? ಆಗಿದೀಯ. ಕೊಡು ಫಾರಮ್ಮು."

ಒಂದು ಚೌಕ ತುಂಬಿತು. ಬದಲಿಗೆ ವಾರ್ಡಿನ ಆರು ಜನರ ಎದೆಯ ಚಿತ್ರ ತೆಗೆದುಕೊಟ್ಟು ಹೋಗಬೇಕಾಯಿತು. ಇನ್ನು ಒಂದೇ ಒಂದು ಎಂದು ಅವರು ಆರು ಸಲ ಹೇಳಿದರು.

ಊಟದ ಹೊತ್ತಿಗೆ ಉಸಿರಪ್ಪ ಊಟ ಬಿಟ್ಟು, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದ ಮೇಷ್ಟರ ಮನೆಗೆ ನಡೆದ. ಮೇಷ್ಟ್ರು ಎಡಗಾಲನ್ನು ದಿಂಬಿನ ಮೇಲಿಟ್ಟುಕೊಂಡು ಪದಬಂಧ ಬಿಡಿಸುತ್ತಿದ್ದರು. ವಿಷಯ ಕೇಳಿ ಅವರ ಕಣ್ಣು ಮಿನುಗಿತು. ನಿವೃತ್ತಿಯ ನಂತರ ಮನೆಬಾಗಿಲಿಗೆ ಸಮಸ್ಯೆಯೊಂದು ತಾನಾಗಿ ನಡೆದುಬಂದಿದ್ದು ಅದೇ ಮೊದಲು. ಹೆಂಡತಿಯನ್ನು ಕರೆದು ನಿನ್ನೆಯ ಪಂಚೆಯನ್ನು ತರಿಸಿ ಕೊಡವಿಸಿದರು. ಏನೂ ಉದುರಲಿಲ್ಲ. ಫಿಲ್ಮ್ ತರಿಸಿ ಕಿಟಕಿಗೆ ಹಿಡಿದರು. ಮೊಣಕಾಲಿನ ಪಕ್ಕದಲ್ಲಿ ಗುರುತು ಬೆಳ್ಳಗೆ ಹೊಳೆಯುತ್ತಿತ್ತು.

"ಗಮನ ಇಟ್ಟು ಕೇಳಯ್ಯ," ಎಂದರು ಮೇಷ್ಟ್ರು, ಬೆರಳು ಮಡಿಸುತ್ತ. "ಚಿತ್ರದಲ್ಲಿ ಗುರುತು ಇದೆ. ಅಂದ್ರೆ ನಾನು ಮಲಗಿದ್ದಾಗ ಅದು ಮಂಚದ ಮೇಲಿತ್ತು. ಇದು ಒಂದು. ನನ್ನ ಜತೆ ಬಂದಿಲ್ಲ. ಇದು ಎರಡು. ಬಟ್ಟೆ ಜತೆ ಹೋಗಿಲ್ಲ, ನೀನೇ ನೋಡಿ ಬಂದಿದೀಯ. ಇದು ಮೂರು. ಆದ್ದರಿಂದ ಅದು ಮಂಚದ ಮೇಲೇ ಉಳೀತು. ಈಗ ಹೇಳು, ನನ್ನ ನಂತರ ಆ ಮಂಚದ ಮೇಲೆ ಮಲಗಿದೋರು ಯಾರು?"

ಉಸಿರಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಯಾರೂ ಮಲಗಿಲ್ಲ ಸಾರ್. ನೀವೇ ಕೊನೇ ಪೇಷಂಟು."

"ಹಾಗಾದ್ರೆ ನೀನು ಕೊಟ್ಟಿರೋ ದತ್ತಾಂಶದಲ್ಲೇ ತಪ್ಪಿದೆ," ಎಂದು ಮೇಷ್ಟ್ರು ಪದಬಂಧಕ್ಕೆ ಮರಳಿದರು. ಮೊಣಕಾಲು ನಿನ್ನೆಗಿಂತ ಇವತ್ತು ಹೆಚ್ಚು ನೋಯುತ್ತಿರುವುದರಿಂದ ಇನ್ನೊಂದು ಚಿತ್ರ ತೆಗೆಸುವುದು ಒಳ್ಳೆಯದಲ್ಲವೇ ಎಂದು ಅವರ ಹೆಂಡತಿ ಗೇಟಿನವರೆಗೂ ಬಂದು ವಿಚಾರಿಸಿದರು.

ಮಧ್ಯಾಹ್ನ ಎರಡಾಯಿತು. ಆಸ್ಪತ್ರೆಯಲ್ಲಿ ಅಷ್ಟರೊಳಗೆ ಸುದ್ದಿ ರೆಕ್ಕೆ ಬಿಚ್ಚಿತ್ತು. ಎಕ್ಸ್‌ರೇಯವನು ಏನೋ ನುಂಗಿದ್ದಾನಂತೆ ಎಂದು ಔಷಧಿ ಅಂಗಡಿಯವರು ಹೇಳಿದರು. ನುಂಗಿದವನು ಪೇಷಂಟಂತೆ ಎಂದು ಕ್ಯಾಂಟೀನಿನವರು ತಿದ್ದಿದರು. ಮೂರು ಜನ ಉಸಿರಪ್ಪನನ್ನು ತಡೆದು ನಿಲ್ಲಿಸಿ ಬಾಳೆಹಣ್ಣು ತಿನ್ನಲು ಸಲಹೆ ಕೊಟ್ಟರು. ಒಬ್ಬರು ಹಣ್ಣನ್ನೇ ಕೈಗಿತ್ತರು. ಊಟ ಮಾಡಿರದ ಉಸಿರಪ್ಪ ತಿಂದ. ಅದನ್ನು ಕಂಡವರಿಗೆ ಅನುಮಾನವೇ ಉಳಿಯಲಿಲ್ಲ.

ಗುರುತು ಸಿಗದಿದ್ದರೂ ಉಳಿದ ಸಹಿ ನಿಲ್ಲಬಾರದೆಂದು ಅವನು ಮೂಳೆ ಡಾಕ್ಟರ ಕೋಣೆಗೆ ನುಗ್ಗಿದ. ಬಿಟ್ಟುಹೋಗುವ ಎಕ್ಸ್‌ರೇ ಸಿಬ್ಬಂದಿಯನ್ನು ಪರೀಕ್ಷಿಸಿ ಆರೋಗ್ಯದ ಬಗ್ಗೆ ನಾಲ್ಕು ಸಾಲು ಬರೆದು ಸಹಿ ಹಾಕುವುದು ಅವರ ಪಾಲು. ಈ ಡಾಕ್ಟರು ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಕಂಡವರಿಲ್ಲ. ಗೋಡೆಯ ಬೆಳಕಿನ ಪೆಟ್ಟಿಗೆಯ ಮೇಲಿರುವ ಫಿಲ್ಮಿನ ಜತೆ ಮಾತ್ರ ಅವರಿಗೆ ಮಾತು. ಉಸಿರಪ್ಪ ಫಿಲ್ಮಿಲ್ಲದೆ ಬಂದದ್ದರಿಂದ ಅವರು ಖಾಲಿ ಪೆಟ್ಟಿಗೆಯನ್ನೇ ಮಾತಾಡಿಸಿದರು.

"ಬಿಡೋದಕ್ಕೆ ಕಾರಣ ಬೆನ್ನುನೋವು ಅಂತ ಬರ್ದಿದಾರೆ. ಬೆನ್ನುನೋವು ಅಂದ್ಮೇಲೆ ಬೆನ್ನಿನ ಚಿತ್ರ ಎಲ್ಲಿ? ಚಿತ್ರ ಇಲ್ದೆ ನಾನು ಏನು ನೋಡ್ಲಿ?"

ಫಾರಮ್ಮಿನಲ್ಲಿ ಕಾರಣ ಬರೆಯಲು ಜಾಗವಿದ್ದದ್ದು ಅರ್ಧ ಅಂಗುಲ. ಮೂವರ ಕೆಲಸ, ಸೀಸದ ಮೇಲಂಗಿ, ಫೋಟೋದವ್ರೇ ಎಂಬ ಕೂಗು, ಯಾರದೋ ಮಾವನವರ ಪಾಲಾದ ಸ್ಟೂಲು, ಇಷ್ಟನ್ನೂ ಅರ್ಧ ಅಂಗುಲದಲ್ಲಿ ತುಂಬಿಸಲಾಗದೆ ಅವನು ಬೆನ್ನುನೋವು ಎಂದು ಬರೆದಿದ್ದ. ಈಗ ಅದಕ್ಕೆ ಪುರಾವೆ ಬೇಕಾಗಿತ್ತು.

ನಾಲ್ಕೂಕಾಲಿಗೆ ಸಾಲು ಕರಗಿತು. ಉಸಿರಪ್ಪ ಸಿ.ಟಿ. ತಂಗಿಯನ್ನು ಕರೆದು ಬಟನ್ನಿನ ಮುಂದೆ ನಿಲ್ಲಿಸಿದ. ಯಂತ್ರದ ತಲೆಯನ್ನು ತಾನೇ ಅಳೆದು ಇಳಿಸಿದ, ಬೆಳಕಿನ ಚೌಕವನ್ನು ತಾನೇ ಹೊಂದಿಸಿದ. ಬಂದವರೆಲ್ಲರಿಗೂ ಅಂಗಿ ಬಿಚ್ಚಿ, ದಾರ ಬಿಚ್ಚಿ, ಸರ ಬಿಚ್ಚಿ ಎಂದು ಹದಿನಾಲ್ಕು ವರ್ಷ ಕಾಡಿದವನು, ತನ್ನ ಸರದಿ ಬಂದಾಗ ಹೊತ್ತಾಯಿತೆಂದು ಕೋಟು ಮಾತ್ರ ಕಳಚಿ ಅಂಗಿಯಲ್ಲೇ ಅಂಗಾತ ಮಲಗಿದ. ಎಡಕ್ಕೆ ಸರಿಯಬೇಕೆಂದು ತನಗೆ ತಾನೇ ಹೇಳಿಕೊಂಡು ಸರಿದ. ಉಸಿರು ಎಳ್ಕೊಳ್ಳಿ ಎಂದು ತನಗೆ ತಾನೇ ಬಹುವಚನದಲ್ಲಿ ಆಜ್ಞಾಪಿಸಿಕೊಂಡ. ಹಿಡ್ಕೊಳ್ಳಿ ಎಂದ. ತಂಗಿ ಬಟನ್ ಒತ್ತಿದಳು. ಬಾಯಿ ಮುಚ್ಚಿ ಉಸಿರು ಹಿಡಿದವನಿಗೆ ಬಿಡಿ ಎನ್ನಲು ಬಾಯಿ ಇಲ್ಲದೆ ಅವನು ಕೆಂಪಾಗಿ, ನೇರಳೆಯಾಗಿ, ಕೊನೆಗೆ ಅವಳು ಗಾಜಿನಾಚೆಯಿಂದ "ಬಿಡಿ ಅಣ್ಣ" ಎಂದ ಮೇಲೆ ಮನುಷ್ಯನ ಬಣ್ಣಕ್ಕೆ ಬಂದ.

ಅವಳು ಪರದೆಯನ್ನೇ ನೋಡುತ್ತಿದ್ದಳು. "ಅಣ್ಣ, ನೀವು ಗುರುತು ಹಾಕಿದ್ರಾ?"

"ಗುರುತು ಎಲ್ಲಿದೆ ತಂಗಿ ಹಾಕೋಕೆ? ಬೆಳಗಿನಿಂದ ಅದಕ್ಕೇ ಸಾಯ್ತಿರೋದು."

"ಹಾಗಾದ್ರೆ ಇದೇನು?"

ಉಸಿರಪ್ಪ ಬಂದು ನೋಡಿದ. ಪರದೆಯ ತುಂಬ ಅವನ ಬೆನ್ನುಮೂಳೆ, ಸರಿಯಾಗಿ ಪೇರಿಸದ ಇಟ್ಟಿಗೆಯ ಹಾಗೆ ಮೇಲಿಂದ ಕೆಳಗೆ ನಿಂತಿತ್ತು. ಅದರ ಬಲಬದಿಯಲ್ಲಿ ಇದು ಎಡ ಎಂದು ಸಾರುತ್ತ ಒಂದು ಸೀಸದ ಅಕ್ಷರ, ಅದರ ತಲೆಯ ಮೇಲೆ ಪುಟ್ಟದಾಗಿ ನಾಲ್ಕು. ಅವನು ಅಂಗಿಯ ಹಿಂಬದಿಗೆ ಕೈಹಾಕಿದ. ಟೇಪಿನ ಸಮೇತ ಅಂಟಿಕೊಂಡಿದ್ದದ್ದು ಕೈಗೆ ಬಂತು. ಮೇಷ್ಟ್ರು ಕೇಳಿದ್ದ ಪ್ರಶ್ನೆಗೆ ಉತ್ತರ ಅಂಗಿಗೆ ಅಂಟಿಕೊಂಡು ಅವರ ಮನೆಗೇ ಹೋಗಿ, ಅವರಿಗೆ ಕಾಣದೆ ಮರಳಿ ಬಂದಿತ್ತು.

ಬೆಳಗಿನಿಂದ ಇಡೀ ಆಸ್ಪತ್ರೆಯನ್ನು ಬೋರಲು ಹಾಕಿದವನಿಗೆ ನಗಬೇಕೋ ಅಳಬೇಕೋ ತೋಚಲಿಲ್ಲ. ತೋಚಿದ್ದು ಓಡುವುದು. ನಾಲ್ಕು ಇಪ್ಪತ್ತೆಂಟಕ್ಕೆ ಉಗ್ರಾಣ ತಲುಪಿದ. ಯಜಮಾನರು ಬೀಗ ಕೈಯಲ್ಲಿ ಹಿಡಿದಿದ್ದರು. "ಎಡಗುರುತು. ಒಂದು. ಬಂತು," ಎಂದು ಬರೆದರು. ಆಮೇಲೆ ಟೇಪನ್ನು ತೋರಿಸಿ, "ಇದು ನಮ್ಮದಲ್ಲ" ಎಂದು ಕಿತ್ತು ವಾಪಸು ಕೊಟ್ಟು ಸಹಿ ಹಾಕಿದರು.

ಎರಡು ಚೌಕ ತುಂಬಿತು, ಎರಡು ಉಳಿಯಿತು. ಅರ್ಧ ಗಂಟೆ ಇತ್ತು. ಉಸಿರಪ್ಪನಿಗೆ ಆಗಲೇ ಕುರ್ಚಿಯ ಮೆತ್ತೆ ಬೆನ್ನಿಗೆ ತಾಗಿದಂತೆನಿಸಿತು.

ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ, ಬಹುಕಾಲದ ಗೆಳೆಯನನ್ನು ಕಂಡವರ ಹಾಗೆ ಹತ್ತಿರ ಸರಿದರು.

"ಆಹಾ, ಎಷ್ಟು ಚೆನ್ನಾಗಿ ಬಂದಿದೀಯ. ಒಂದೊಂದು ಮಣಿನೂ ಎಣಿಸ್ಬಹುದು. ಎಡಬಲ ಮಾತ್ರ ಅದಲುಬದಲು. ಯಾರು ತೆಗ್ದಿದ್ದು ಇದು?"

"ನಾನೇ ಸಾರ್," ಎಂದ ಉಸಿರಪ್ಪ. ಹದಿನಾಲ್ಕು ವರ್ಷಗಳಲ್ಲಿ ಅವನ ಚಿತ್ರವನ್ನು ಒಬ್ಬರು ಹೊಗಳಿದ್ದು ಇದೇ ಮೊದಲು.

"ಕೆಳಗಿನ ಎರಡು ಮಣಿ ಮಧ್ಯೆ ಇರೋ ಮೆತ್ತೆ ಸವೆದು ಹೋಗಿದೆ," ಡಾಕ್ಟರು ಫಿಲ್ಮಿಗೆ ಹೇಳಿದರು. "ಇವರು ಈಗ ಎಲ್ಲಿಗೆ ಹೋಗ್ತಿದಾರೆ?"

ವಿಮಾ ಕಚೇರಿಗೆ, ಕೂತು ಮಾಡುವ ಕೆಲಸಕ್ಕೆ ಎಂದು ಉಸಿರಪ್ಪ ಹೆಮ್ಮೆಯಿಂದ ತಿಳಿಸಿದ. ಕುರ್ಚಿಯ ಐದು ಗಾಲಿಗಳನ್ನೂ ವರ್ಣಿಸಿದ.

ಡಾಕ್ಟರು ಅಂದು ಮೊದಲ ಬಾರಿಗೆ ಫಿಲ್ಮಿನಿಂದ ಕಣ್ಣು ತೆಗೆದು ಮನುಷ್ಯನ ಮುಖ ನೋಡಿದರು. "ಕೂರೋದಾ? ಈ ಬೆನ್ನಿಗೆ ವಿಷ ಅದು. ಕೂತಾಗ್ಲೇ ಅದರ ಮೇಲೆ ಭಾರ ಜಾಸ್ತಿ. ನೀವು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ನಿಂತಿರಿ, ಓಡಾಡ್ತಿರಿ. ಭಾರ ಎತ್ತೋದು ಸ್ವಲ್ಪ ಕಡಿಮೆ ಮಾಡಿ. ನಿಜ ಹೇಳ್ಬೇಕು ಅಂದ್ರೆ ಹದಿನಾಲ್ಕು ವರ್ಷ ನಿಂತಿದ್ದಕ್ಕೇ ಇಷ್ಟಾದ್ರೂ ಉಳ್ಕೊಂಡಿರೋದು."

ಹಾಗೆಂದು ಫಾರಮ್ಮಿನ ಚೌಕದಲ್ಲಿ ಯಾರಿಗಾದರೂ ಓದಲು ಬರುವಂತೆ, ವೈದ್ಯವೃತ್ತಿಗೇ ಅಪಚಾರವಾಗುವಷ್ಟು ದುಂಡಾಗಿ ಬರೆದರು: ಕುಳಿತು ಮಾಡುವ ಕೆಲಸಕ್ಕೆ ಅನರ್ಹ. ನಿಂತು ಮಾಡುವ ಕೆಲಸಕ್ಕೆ ಸಂಪೂರ್ಣ ಅರ್ಹ.

ಉಸಿರಪ್ಪ ಕಾಲು ಹಿಡಿಯುವುದೊಂದು ಬಾಕಿ. ಅವನಿಗೆ ಅಷ್ಟು ಬಗ್ಗಲು ಆಗುತ್ತಿರಲಿಲ್ಲ. ಎರಡನೇ ಸಾಲನ್ನು ಇಟ್ಟುಕೊಂಡು ಮೊದಲನೆಯದನ್ನು ಹೊಡೆದುಹಾಕಬಾರದೇ ಎಂದು ಅಂಗಲಾಚಿದ. ಇಷ್ಟು ಸ್ಪಷ್ಟ ಚಿತ್ರ ಇರುವಾಗ ಸುಳ್ಳು ಬರೆಯಲಾಗದೆಂದು ಡಾಕ್ಟರು ವಿಷಾದಪಟ್ಟರು. ಸ್ವಲ್ಪ ಮಸುಕಾಗಿ ತೆಗೆದಿದ್ದರೆ ಯೋಚಿಸಬಹುದಿತ್ತಂತೆ.

ಆದರೂ ಹೊರಟವನು ಹೊರಟವನೇ. ಮೊದಲು ಪತ್ರ ಕೈಗೆ ಬರಲಿ, ಉಳಿದದ್ದನ್ನು ಫೋನಿನಲ್ಲಿ ಸರಿಪಡಿಸುವುದೆಂದು ಹಲ್ಲು ಕಚ್ಚಿ ಆಡಳಿತಾಧಿಕಾರಿಯ ಕೋಣೆಗೆ ಹೋದ. ಐದಕ್ಕೆ ಎರಡು ನಿಮಿಷವಿರುವಾಗ ಕೊನೆಯ ಚೌಕದಲ್ಲಿ ಸಹಿ ಬಿತ್ತು. ಬಿಡುಗಡೆ ಪತ್ರದ ಮೇಲೆ ಮುದ್ರೆ ಬಿತ್ತು. ಆ ಸದ್ದು ಅವನಿಗೆ ಬೇಡಿ ಕಳಚಿದ ಸದ್ದಿನಂತೆ ಕೇಳಿಸಿತು.

ಹೊರಾಂಗಣಕ್ಕೆ ಬಂದು ವಿಮಾ ಕಚೇರಿಗೆ ಫೋನ್ ಮಾಡಿದ. ಅತ್ತಲಿಂದ ಒಬ್ಬ ಹೆಣ್ಣುಮಗಳು ಸಕ್ಕರೆಯಂಥ ದನಿಯಲ್ಲಿ ಆಲಿಸಿದಳು. ಫಾರಮ್ಮನ್ನು ಪತ್ರದ ಜತೆ ಕೊಡಲೇಬೇಕು, ಅದರಲ್ಲಿ ಡಾಕ್ಟರು ಬರೆದದ್ದು ಕಡೆಗಣಿಸುವಂತಿಲ್ಲ ಎಂದಳು. ಕಂಪ್ಯೂಟರನ್ನೇ ಸ್ವಲ್ಪ ಎತ್ತರಕ್ಕಿಟ್ಟರೆ ನಿಂತೇ ಮಾಡಿಬಿಡುತ್ತೇನೆ ಎಂದ ಉಸಿರಪ್ಪ.

"ಸಾರಿ ಸರ್, ನಮ್ಮಲ್ಲಿ ನಿಂತು ಮಾಡೋ ಕೆಲಸ ಒಂದೂ ಇಲ್ಲ. ವಾಚ್‌ಮನ್‌ಗೂ ಕುರ್ಚಿ ಕೊಟ್ಟಿದೀವಿ," ಎಂದಳು ಆಕೆ. ಪಟ್ಟಿಯಲ್ಲಿರುವ ಮುಂದಿನವರಿಗೆ ಈಗಲೇ ಕರೆ ಮಾಡುವುದಾಗಿ ತಿಳಿಸಿ ಶುಭ ಹಾರೈಸಿದಳು.

ಉಸಿರಪ್ಪ ಗೋಡೆಗೆ ಒರಗಿ ನಿಂತ. ಅಷ್ಟರಲ್ಲಿ ಪಕ್ಕದಲ್ಲಿ ಯಾರದೋ ಫೋನ್ ಬಡಿದುಕೊಂಡಿತು. ಸಿ.ಟಿ. ತಂಗಿ ನಿಂತಿದ್ದಳು. ಫೋನ್ ಕಿವಿಗಿಟ್ಟು ಹೌದು ಮೇಡಂ ಎಂದಳು, ಬರ್ತೀನಿ ಮೇಡಂ ಎಂದಳು, ಒಂಬತ್ತಕ್ಕೇ ಬರ್ತೀನಿ ಎಂದಳು. ಆಮೇಲೆ ಇವನ ಮುಖ ನೋಡಲಾಗದೆ ಚಪ್ಪಲಿಯ ತುದಿ ನೋಡಿದಳು.

"ಬೇಜಾರು ಮಾಡ್ಕೋಬೇಡಿ ಅಣ್ಣ. ನೀವು ಹೋಗ್ತೀರಿ ಅಂತ ಗೊತ್ತಾದ ದಿನಾನೇ ನಾನೂ ಅಲ್ಲಿಗೆ ಅರ್ಜಿ ಹಾಕ್ಬಿಟ್ಟೆ. ನೀವಿಲ್ದೆ ಎರಡು ಕೋಣೆ ಕೆಲಸಾನೂ ನನ್ನ ತಲೆ ಮೇಲೇ ಅಲ್ವಾ ಬೀಳೋದು."

ಬೇಕರಿಯವನು ಹೋದಾಗ ಮೇಷ್ಟರಾದವನು ಹೋದದ್ದೂ, ಮೇಷ್ಟರಾದವನು ಹೋದದ್ದಕ್ಕೆ ತಾನು ಹೊರಟದ್ದೂ ಇದೇ ಕಾರಣಕ್ಕಾಗಿತ್ತು. ಅವಳು ಗುತ್ತಿಗೆಯವಳಾದ್ದರಿಂದ ಒಂದು ದಿನದ ನೋಟಿಸು ಸಾಕು. ಅದನ್ನು ಬೆಳಗ್ಗೆಯೇ, ಇವನು ಹೊದಿಕೆ ಮಡಿಸುತ್ತಿದ್ದಾಗ, ಒಂದು ಧೈರ್ಯಕ್ಕೆಂದು ಕೊಟ್ಟುಬಿಟ್ಟಿದ್ದಳಂತೆ. ಅವನು ಮಾಡಿದ್ದಿಷ್ಟೆ: ಆ ಕುರ್ಚಿಯ ಹಿಡಿ ಎಡಗಡೆ ಇದೆ, ಮೆಲ್ಲಗೆ ಒತ್ತಬೇಕು ಎಂದು ಹೇಳಿಕೊಟ್ಟ.

ಬಳಿಕ, ಕಾಗದವಿದ್ದೂ ಕೆಲಸವಿಲ್ಲದೆ ಮನೆಗೆ ಹೋದರೆ ಹೆಂಡತಿ ಏನೆಂದಾಳೆಂದು ನೆನೆದು ಆಡಳಿತಾಧಿಕಾರಿಯ ಕೋಣೆಗೆ ಮರಳಿದ. ಅಧಿಕಾರಿ ಚೀಲ ಹೆಗಲಿಗೇರಿಸಿದ್ದರು. ರಾಜೀನಾಮೆ ಹಿಂತೆಗೆದುಕೊಳ್ಳುತ್ತೇನೆ ಎಂದ. ಅಧಿಕಾರಿ ಗಡಿಯಾರ ತೋರಿಸಿದರು. ಐದು ಹನ್ನೆರಡು. ಒಟ್ಟಾರೆ ಹೇಳುವುದಾದರೆ, ಹನ್ನೆರಡು ನಿಮಿಷದ ಹಿಂದೆಯೇ ಉಸಿರಪ್ಪ ಈ ಆಸ್ಪತ್ರೆಗೆ ಹೊರಗಿನವನಾಗಿದ್ದ. ಎಲ್ಲವನ್ನೂ ಒಟ್ಟಾರೆಯಾಗಿ ಹೇಳುವುದು ಅವರ ಪದ್ಧತಿ.

"ಒಟ್ಟಾರೆ ಹೇಳೋದಾದ್ರೆ," ಎಂದು ಅವರೇ ಮುಂದುವರಿಸಿದರು, ಚೀಲ ಇಳಿಸುತ್ತ, "ನಮ್ಮಲ್ಲಿ ಎಕ್ಸ್‌ರೇಗೆ ಮತ್ತು ಸಿ.ಟಿ.ಗೆ ಸೇರಿಸಿ ಒಂದು ತಾತ್ಕಾಲಿಕ ಜಾಗ ಖಾಲಿ ಇದೆ. ಎರಡೂ ಒಬ್ಬರೇ ನೋಡ್ಕೋಬೇಕು. ಬಂದೋರೆಲ್ಲ ಇಷ್ಟು ಹೊತ್ತು ನಿಂತಿರೋಕೆ ಆಗಲ್ಲ ಅಂತ ಓಡಿಹೋಗ್ತಾರೆ. ನಿಂತು ಮಾಡೋ ಕೆಲಸಕ್ಕೆ ಸಂಪೂರ್ಣ ಅರ್ಹ ಅಂತ ಡಾಕ್ಟರ ಕೈಲೇ ಬರೆಸ್ಕೊಂಡು ಬಂದ ಅಭ್ಯರ್ಥಿ ನೀವೇ ಮೊದಲು."

ಅರ್ಜಿಯ ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟು, ತಮ್ಮೆದುರಿನ ಗಾಲಿಗಳಿದ್ದ ಮೆತ್ತೆಯ ಕುರ್ಚಿಯನ್ನು ಅವನ ಕಡೆಗೆ ಉರುಳಿಸಿದರು. "ಕೂತ್ಕೊಂಡು ಬರೀರಿ."

ಉಸಿರಪ್ಪ ಕುರ್ಚಿಯನ್ನು ನೋಡಿದ. ಮೆತ್ತೆಯ ಮೇಲೆ ಒಮ್ಮೆ ಕೈಯಾಡಿಸಿದ. ಹಾಳೆಯನ್ನು ಕಡತಗಳ ಬೀರುವಿನ ಮೇಲಿಟ್ಟುಕೊಂಡು, ನಿಂತೇ ಬರೆಯತೊಡಗಿದ. ಅನುಭವ ಎಂಬಲ್ಲಿ ಹದಿನಾಲ್ಕು ವರ್ಷ ಎಂದು ಬರೆಯಹೋದಾಗ ಅಧಿಕಾರಿ ಹಿಂದಿನಿಂದ ಬಗ್ಗಿ ನೋಡಿದರು.

"ಅದು ಹೋದವರ ಅನುಭವ. ನೀವು ಹೊಸಬರಲ್ವಾ, ಸೊನ್ನೆ ಅಂತ ಹಾಕಿ."

ಉಸಿರಪ್ಪ ಸೊನ್ನೆ ಹಾಕಿದ. ಅದರ ಕೆಳಗಿನ ಪ್ರಶ್ನೆ, ಯಾವಾಗಿನಿಂದ ಕೆಲಸಕ್ಕೆ ಹಾಜರಾಗಬಲ್ಲಿರಿ ಎಂದಿತ್ತು. ಹೊರಗೆ ಎಕ್ಸ್‌ರೇ ಕೋಣೆಯ ಮುಂದೆ, ಎಡ ಮೊಣಕಾಲಿಗೆ ಕಂಬಳಿ ಸುತ್ತಿಕೊಂಡು, ಹೆಂಡತಿಯ ಹೆಗಲು ಹಿಡಿದು, ಲೆಕ್ಕದ ಮೇಷ್ಟ್ರು ಬಾಗಿಲು ಬಡಿಯುತ್ತಿದ್ದರು.